ಕಡಿಮೆ ಕೆಲಸದ ತರಕಾರಿ ಹಿತ್ತಲು: ಶಿರಸಿ ಸೀಮೆಗೂ ಕರಾವಳಿಗೂ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಆಗಸ್ಟ್ ಬಂತು ಅಂದರೆ ನೆಂಟರು, ಗೆಳತಿಯರು ನನಗೆ ಹೇಳುವುದು ಒಂದೇ ಮಾತು. "ಬೀಜ ಹಾಕಿದ್ದೆ, ಚೆನ್ನಾಗೇ ಹುಟ್ಟಿತ್ತು, ಜುಲೈ ಮಳೆಗೆ ಎಲ್ಲ ಕೊಳೆತುಹೋಯ್ತು." ಮಾರ್ಚ್‌ನಲ್ಲಿ ಮತ್ತೆ ಅದೇ ಜನ, "ನೀರು ಹೊತ್ತು ಹೊತ್ತು ಸಾಕಾಯ್ತು, ಬಿಟ್ಟುಬಿಟ್ಟೆ" ಅನ್ನುತ್ತಾರೆ. ಕೇಳಿದಾಗೆಲ್ಲ ಬೇಜಾರಾಗುತ್ತದೆ. ಯಾಕೆಂದರೆ ಅವರ್ಯಾರೂ ಸೋಮಾರಿಗಳಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ದುಡಿದಿರುತ್ತಾರೆ.

ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಗಿಡ ಮೊದಲು ತರುತ್ತಾರೆ, ಜಾಗ ಆಮೇಲೆ ಹುಡುಕುತ್ತಾರೆ, ನೀರು ನಿಂತ ಮೇಲೆ ಕಾಲುವೆ ತೋಡುತ್ತಾರೆ, ಬಳ್ಳಿ ನೆಲದ ಮೇಲೆ ಹರಡಿದ ಮೇಲೆ ಚಪ್ಪರಕ್ಕೆ ಕಂಬ ಹುಡುಕಿಕೊಂಡು ಹೋಗುತ್ತಾರೆ. ಇನ್ನೊಂದು, ಬೆಂಗಳೂರಿನ ತಾರಸಿ ತೋಟದ ವಿಡಿಯೋ ನೋಡಿ ಇಲ್ಲಿ ಮಾಡಲು ಹೊರಡುತ್ತಾರೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1000 ಮಿ.ಮೀ. ಮಳೆ. ಕಾರವಾರ, ಹೊನ್ನಾವರ ಕಡೆ 3000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಆರೇಳು ತಿಂಗಳು ಹೆಚ್ಚು ಕಮ್ಮಿ ಒಣ.

ನನ್ನ ಮನೆ ಶಿರಸಿ ಹತ್ತಿರ, ತವರು ಅಂಕೋಲಾ ಕಡೆ. ಘಟ್ಟದ ಮೇಲಿನ ಜಂಬಿಟ್ಟಿಗೆ ನೆಲದಲ್ಲೂ, ಕೆಳಗಿನ ಮರಳು ನೆಲದಲ್ಲೂ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಕೆಲಸ ಇದೆ. ಅದನ್ನು ಸರಿಯಾದ ಕ್ರಮದಲ್ಲಿ ಮುಗಿಸಿದರೆ ಎರಡನೇ ವರ್ಷದಿಂದ ವಾರಕ್ಕೆ ಎರಡು ತಾಸು ಸಾಕು.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಗುದ್ದಲಿ, ಹಾರೆ, ಕತ್ತಿ, ಎರಡು ಬುಟ್ಟಿ, ನೀರಿನ ಝಾರಿ, ಒಂದು ಬಕೆಟ್, ಟಾರ್ಚು, ರಬ್ಬರ್ ಕೈಗವಸು. ಚಪ್ಪರಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಅಥವಾ ಬಿದಿರು, ಕಟ್ಟಲು ಕತ್ತದ ಹಗ್ಗ. ಹಳೆಯ ಕೊಟ್ಟಿಗೆ ಗೊಬ್ಬರ ಆರೇಳು ಬುಟ್ಟಿ. ಬಚ್ಚಲ ಒಲೆಯ ಬೂದಿ ಒಂದು ಡಬ್ಬಿ ತುಂಬ. ಜಂಬಿಟ್ಟಿಗೆ ನೆಲದವರಿಗೆ ಕೃಷಿ ಸುಣ್ಣ ಒಂದೂವರೆ ಕೆಜಿ. ಇಷ್ಟು ಬಿಟ್ಟು ಬೇರೆ ಏನನ್ನೂ ಮೊದಲ ವರ್ಷ ಖರೀದಿ ಮಾಡಬೇಡಿ. ಬೀಜದ ಪ್ಯಾಕೆಟ್ ಅಂತೂ ಐದನೇ ಹಂತಕ್ಕೆ ಬರುವ ತನಕ ಬೇಡವೇ ಬೇಡ.

ಹಂತ 1: ಮಳೆಯಲ್ಲಿ ನಿಂತು ಜಾಗ ಆರಿಸಿ

ಏಪ್ರಿಲ್‌ನಲ್ಲಿ ಒಣಗಿದ ಹಿತ್ತಲು ನೋಡಿ ಜಾಗ ಗೊತ್ತು ಮಾಡಬೇಡಿ. ಮೇ ತಿಂಗಳಲ್ಲಿ ಒಂದೆರಡು ಗುಡುಗು ಮಳೆ ಬರುತ್ತದಲ್ವಾ, ಒಂದು ಮಳೆ ಮುಗಿಯುತ್ತ ಬಂದಾಗ, ಸಿಡಿಲು ನಿಂತ ಮೇಲೆ ಕೊಡೆ ಹಿಡಿದು ಹಿತ್ತಲಿಗೆ ಹೋಗಿ. ಕಾಲು ತಾಸು ಅಲ್ಲೇ ನಿಲ್ಲಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಂತುಕೊಳ್ಳುತ್ತದೆ ಅಂತ ನೋಡಿ, ನಿಲ್ಲುವ ಜಾಗಕ್ಕೆ ಕಡ್ಡಿ ಚುಚ್ಚಿ ಗುರುತು ಮಾಡಿ. ಅಲ್ಲಿಗೆ ಕೆಸು ಒಂದೇ ಸರಿ.

ಆಮೇಲೆ ಬಿಸಿಲು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ತಾಸು ಸಾಕು. ಅಡಿಕೆ ತೋಟದ ಒಳಗೆ ಬೆಂಡೆ ಹಾಕಿ "ಕಾಯಿ ಬರಲಿಲ್ಲ" ಅಂತ ಹೇಳುವವರು ತುಂಬ ಜನ ಇದ್ದಾರೆ. ತೆಂಗಿನ ಮರದ ಬುಡದಿಂದಲೂ ಆರೇಳು ಅಡಿ ದೂರ ಇರಿ. ಬೇರು ಗೊಬ್ಬರ ಎಲ್ಲ ಎಳೆದುಕೊಳ್ಳುತ್ತದೆ, ಮೇಲಿಂದ ಮಡಲು ಬಿದ್ದರೆ ಚಪ್ಪರವೇ ಹೋಗುತ್ತದೆ.

ಅಡುಗೆಮನೆ ಬಾಗಿಲಲ್ಲಿ ನಿಂತರೆ ಕಾಣುವ ಜಾಗ ಸಿಕ್ಕಿದರೆ ಅದನ್ನೇ ಹಿಡಿಯಿರಿ. ದಿನಾ ಕಣ್ಣಿಗೆ ಬೀಳುವ ಗಿಡದಲ್ಲಿ ಹುಳು ಬಿದ್ದದ್ದು ಮೊದಲ ದಿನವೇ ಗೊತ್ತಾಗುತ್ತದೆ. ಅಳತೆ 15 ಅಡಿ ಉದ್ದ, 10 ಅಡಿ ಅಗಲ ಇದ್ದರೆ ನಾಲ್ಕು ಜನರ ಮನೆಗೆ ಶುರುವಾತಿಗೆ ಸಾಕು. ಮೊದಲ ವರ್ಷವೇ ಇಡೀ ಹಿತ್ತಲು ಅಗೆದವರು ಎರಡನೇ ವರ್ಷ ಗುದ್ದಲಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಹಂತ 2: ಗಿಡಕ್ಕಿಂತ ಮೊದಲು ನೀರಿಗೆ ದಾರಿ

ಇದು ಇಡೀ ಕೆಲಸದ ಜೀವಾಳ, ಇದನ್ನು ಮಾತ್ರ ಬಿಡಬೇಡಿ.

ನಾನು ಮೊದಲ ವರ್ಷ ಸಪಾಟು ನೆಲದಲ್ಲಿ ಎರಡು ಡಜನ್ ಟೊಮೆಟೊ, ಬದನೆ ಸಸಿ ನೆಟ್ಟಿದ್ದೆ. ಜೂನ್ ಪೂರ್ತಿ ಹಸಿರಾಗಿದ್ದವು. ಜುಲೈ ಎರಡನೇ ವಾರ ಒಂದು ಬೆಳಿಗ್ಗೆ ನೋಡಿದರೆ ಎಲೆ ಎಲ್ಲ ಜೋತುಬಿದ್ದಿತ್ತು. ಸುತ್ತ ಅಷ್ಟು ನೀರಿದ್ದೂ ಬಾಯಾರಿದ ಗಿಡದ ಥರ. ಒಂದು ಗಿಡ ಎಳೆದೆ. ಪ್ರಯಾಸವೇ ಇಲ್ಲದೆ ಬಂತು. ಬೇರನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಮೇಲಿನ ಸಿಪ್ಪೆ ಕೊಳೆತ ಬಟ್ಟೆಯ ಹಾಗೆ ಜಾರಿ ಬಂತು, ಒಳಗೆ ಬರೀ ಬಿಳಿ ನೂಲಿನಂಥ ನಾರು. ಚರಂಡಿ ವಾಸನೆ. ನೀರು ನಿಂತ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಉಸಿರು ಕಟ್ಟಿ ಸತ್ತ ಬೇರು ನೀರನ್ನು ಮೇಲೆ ಕಳಿಸುವುದಾದರೂ ಹೇಗೆ? ಆ ವರ್ಷ ಅಂಕೋಲೆಗೆ ಹೋದಾಗ ತವರಿನ ಪಕ್ಕದಲ್ಲಿ ತರಕಾರಿ ಬೆಳೆಯುವ ಹಾಲಕ್ಕಿ ಒಕ್ಕಲು ಸಮುದಾಯದ ಅಜ್ಜಿಗೆ ಇದನ್ನು ಹೇಳಿದೆ. ಅವರು ಗಿಡದ ವಿಷಯ ಕೇಳಲೇ ಇಲ್ಲ. "ನೀರು ಎಲ್ಲಿಂದ ಹೋಗ್ತದೆ ತಂಗಿ?" ಅಂತ ಒಂದೇ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಡುವ ರೀತಿ ಹೀಗೆ. ಇಳಿಜಾರು ಯಾವ ಕಡೆಗೆ ಇದೆಯೋ ಆ ಕಡೆಗೆ ಹರಿಯುವಂತೆ ಒಂದೂವರೆ ಅಡಿ ಅಗಲದ ನಾಲ್ಕು ಬಸಿಗಾಲುವೆ ತೋಡಿ. ತೋಡಿದ ಮಣ್ಣನ್ನು ನಡುವೆ ಏರಿಸಿದರೆ ಮೂರು ಅಡಿ ಅಗಲದ ಮೂರು ಏರುಮಡಿ ಆಗುತ್ತವೆ. ಕಾಲುವೆಯೇ ನಡೆಯುವ ದಾರಿ. ಮಡಿ ಮೂರು ಅಡಿಗಿಂತ ಅಗಲ ಬೇಡ, ಎರಡೂ ಬದಿಯಿಂದ ಕೈ ನಡುವಿನ ತನಕ ತಲುಪಬೇಕು. ಒಮ್ಮೆ ಮಡಿ ಮಾಡಿದ ಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು, ಮಕ್ಕಳೂ ಸಹ.

ಎತ್ತರ ಒಂದು ಅಡಿ. ಇಷ್ಟು ಬೇಕಾ ಅಂತ ಕೇಳುತ್ತಾರೆ, ಬೇಕು. ಆರ್ದ್ರಾ, ಪುನರ್ವಸು ಮಳೆ ಹೊಡೆದ ಮೇಲೆ ಅದು ಎಂಟು ಇಂಚಿಗೆ ಇಳಿದಿರುತ್ತದೆ. ಅಂಚು ಕುಸಿಯದಂತೆ ಹಳೆ ಚಿರೇಕಲ್ಲು, ತೆಂಗಿನ ಕಾಂಡ, ಅಡಿಕೆ ಮರದ ತುಂಡು ಏನಾದರೂ ಒತ್ತುಕೊಡಿ. ಕಾಲುವೆಯ ಕೊನೆ ಎಲ್ಲಿಗೆ ಹೋಗುತ್ತದೆ ಅಂತ ಖಂಡಿತ ನೋಡಿಕೊಳ್ಳಿ. ಬಾವಿಯ ಕಡೆಗೋ, ಪಕ್ಕದ ಮನೆಯವರ ಅಂಗಳಕ್ಕೋ ಹೋಗುವುದು ಬೇಡ.

ಕರಾವಳಿಯ ಮರಳು ನೆಲದವರಿಗೆ "ನಮ್ಮಲ್ಲಿ ನೀರು ಇಂಗುತ್ತದೆ, ಏರುಮಡಿ ಯಾಕೆ" ಅನ್ನಿಸಬಹುದು. ಜುಲೈನಲ್ಲಿ ಅಲ್ಲಿ ನೆಲದಡಿಯ ನೀರೇ ಮೇಲೆ ಬಂದಿರುತ್ತದೆ, ಹಾಗಾಗಿ ಮಳೆಗಾಲಕ್ಕೆ ಏರುಮಡಿ ಬೇಕೇ ಬೇಕು. ನವೆಂಬರ್ ನಂತರ ಮಾತ್ರ ಅದೇ ಮಡಿಯ ನಡುವೆ ಬೊಗಸೆ ಆಳದ ತಗ್ಗು ಮಾಡಿ ಅದರಲ್ಲಿ ನೆಡಿ, ಹಾಕಿದ ನೀರು ಓಡಿಹೋಗುವುದಿಲ್ಲ.

ಎಚ್ಚರಿಕೆಯ ಗುರುತು: ಮಳೆ ನಿಂತು ಅರ್ಧ ತಾಸಾದರೂ ಕಾಲುವೆಯಲ್ಲಿ ನೀರು ಕದಲದೆ ನಿಂತಿದ್ದರೆ ಇಳಿಜಾರು ಸಾಲದು. ಮಡಿಯ ಮೇಲೆ ಹಸಿರು ಪಾಚಿ ಕಟ್ಟಿದರೂ ಅದೇ ಅರ್ಥ. ಗಿಡಕ್ಕೆ ಮದ್ದು ಹುಡುಕಬೇಡಿ, ಗುದ್ದಲಿ ತೆಗೆದುಕೊಳ್ಳಿ.

ಹಂತ 3: ಮಣ್ಣು

ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿರುತ್ತದೆ. 30 ಚದರ ಅಡಿಯ ಒಂದು ಮಡಿಗೆ ಸುಮಾರು ಅರ್ಧ ಕೆಜಿ ಕೃಷಿ ಸುಣ್ಣ ಉದುರಿಸಿ ಮೇಲ್ಮಣ್ಣಿನಲ್ಲಿ ಕಲಸಿ. ಸುಟ್ಟ ಚಿಪ್ಪಿ ಸುಣ್ಣ ಆದರೆ ಅದರ ಅರ್ಧ ಸಾಕು, ಬರಿಗೈಯಲ್ಲಿ ಮುಟ್ಟಬೇಡಿ. ಸಮುದ್ರದ ಹತ್ತಿರದ ಮರಳಿನಲ್ಲಿ ಚಿಪ್ಪಿನ ಚೂರು ಕಾಣುತ್ತಿದ್ದರೆ ಸುಣ್ಣ ಹಾಕುವುದೇ ಬೇಡ. ಅನುಮಾನ ಇದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ.

ಸುಣ್ಣ ಮತ್ತು ಸಗಣಿ ಗೊಬ್ಬರ ಒಂದೇ ದಿನ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೆ ಘಾಟು ಬಡಿಯುತ್ತದಲ್ಲ ಅದೇ. ಸುಣ್ಣ ಹಾಕಿ ಎರಡು ಮೂರು ವಾರ ಬಿಟ್ಟು ಪ್ರತಿ ಮಡಿಗೆ ಎರಡು ಬುಟ್ಟಿ ಗೊಬ್ಬರ ಸೇರಿಸಿ.

ಗೊಬ್ಬರ ಹಳೆಯದೇ ಇರಬೇಕು. ಕೈಯಲ್ಲಿ ಹಿಡಿದರೆ ಪುಡಿಪುಡಿ ಆಗಬೇಕು, ಸಗಣಿ ವಾಸನೆ ಬರಬಾರದು. ಅರ್ಧ ಕೊಳೆತ ಗೊಬ್ಬರದ ಜೊತೆ ಬಿಳಿ ಗೊಣ್ಣೆಹುಳು ಮಡಿಗೆ ಬರುತ್ತದೆ. ಅದು ಬೇರು ತಿನ್ನುತ್ತದೆ, ನೀವು ಮೇಲೆ ರೋಗ ಹುಡುಕುತ್ತ ಕೂರುತ್ತೀರಿ. ಕರಾವಳಿಯಲ್ಲಿ ಮೀನಿನ ತ್ಯಾಜ್ಯ ಹಾಕುವವರು ಒಂದೂವರೆ ಅಡಿ ಆಳದಲ್ಲಿ ಹೂಳಿ, ಮೇಲೆ ಕಲ್ಲು ಹೇರಿ. ಇಲ್ಲದಿದ್ದರೆ ನಾಯಿ ರಾತ್ರೋರಾತ್ರಿ ಮಡಿ ಕೆದರುತ್ತದೆ.

ಹಂತ 4: ಚಪ್ಪರ ಮತ್ತು ಬೇಲಿ, ನೆಡುವ ಮುಂಚೆ

ಚಪ್ಪರದ ಎತ್ತರ ನೀವು ನೆಲದ ಮೇಲೆ ನಿಂತು ಕೈ ಎತ್ತಿದರೆ ಕಾಯಿ ಸಿಗುವಷ್ಟು ಇರಲಿ, ಆರು ಅಡಿ ಬಹಳ ಆಯ್ತು. ಕಂಬ ಒಂದೂವರೆ ಅಡಿ ಒಳಗೆ ಹೋಗಬೇಕು. ಮಳೆಗಾಲದ ತೊಂಡೆ ಬಳ್ಳಿ ನೆಂದಾಗ ಎಷ್ಟು ಭಾರ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಬುಡ ಬೇಗ ಕೊಳೆಯದಂತೆ ಕಂಬದ ಅಡಿಭಾಗ ಬೆಂಕಿಯಲ್ಲಿ ಸ್ವಲ್ಪ ಕಪ್ಪಾಗುವಂತೆ ಸುಟ್ಟು ಹೂಳಿ. ಸಾಧ್ಯವಾದರೆ ಚಪ್ಪರ ಉತ್ತರದ ಬದಿಗೆ ಇರಲಿ, ಚಳಿಗಾಲದಲ್ಲಿ ಉಳಿದ ಮಡಿಗಳಿಗೆ ಬಿಸಿಲು ತಪ್ಪುವುದಿಲ್ಲ.

ಕಾರವಾರದ ಬೈತಖೋಲ, ಕುಮಟೆಯ ತದಡಿ ಥರದ ಬಂದರುಗಳ ಹತ್ತಿರ ಹಳೆ ಮೀನಿನ ಬಲೆ ಸಿಗುತ್ತದೆ. ಬೇಲಿಗೆ, ಬಳ್ಳಿ ಹಬ್ಬಿಸಲು ಅಗ್ಗದ ಸಾಮಾನು. ಆದರೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ನೆಲಕ್ಕೆ ತಾಗಿಸಿ ಬಿಡಬೇಡಿ. ಇಲಿ ಹಿಡಿಯಲು ಬರುವ ಕೇರೆಹಾವು ಅದರಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡಿ ಸಾಯುತ್ತದೆ. ನಮ್ಮ ಹಿತ್ತಲಿನಲ್ಲೇ ಒಮ್ಮೆ ಹಾಗಾಯಿತು, ಅದನ್ನು ನೋಡಿದ ಮೇಲೆ ಬಲೆಯನ್ನು ಒಂದು ಗೇಣು ಮೇಲೆತ್ತಿ ಕಟ್ಟಿ, ಕೆಳಗೆ ದಬ್ಬೆ ಅಡ್ಡ ಇಟ್ಟಿದ್ದೇನೆ.

ಹಂತ 5: ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ಗಿಡ ಮೊದಲು

ಕೆಲಸ ಕಮ್ಮಿ ಆಗುವ ಗುಟ್ಟು ಇಲ್ಲಿದೆ. ಪ್ರತಿ ಮೂರು ತಿಂಗಳಿಗೆ ಬೀಜ ಹಾಕಿ ಸಸಿ ಮಾಡುವ ತರಕಾರಿಯನ್ನೇ ನೆಚ್ಚಿಕೊಂಡರೆ ಕೆಲಸ ಮುಗಿಯುವುದೇ ಇಲ್ಲ. ಹಿತ್ತಲಿನ ಅರ್ಧ ಜಾಗ ಈ ಗಿಡಗಳಿಗೆ ಕೊಡಿ.

ತೊಂಡೆ: ಪೆನ್ಸಿಲ್ ದಪ್ಪದ, ನಾಲ್ಕು ಗಂಟಿನ ತುಂಡು. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದಲೇ ಕೇಳಿ ತನ್ನಿ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಹುಟ್ಟಿದ್ದು ಗಂಡಾದರೆ ಚಪ್ಪರ ತುಂಬ ಹೂವೇ ಹೊರತು ಕಾಯಿ ಇಲ್ಲ. ಎರಡು ಗಂಟು ಮಣ್ಣೊಳಗೆ, ಎರಡು ಹೊರಗೆ. ವರ್ಷಕ್ಕೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಹಳೆ ಬಳ್ಳಿ ಸವರಿ ಬುಡಕ್ಕೆ ಗೊಬ್ಬರ ಕೊಟ್ಟರೆ ಹೊಸ ಚಿಗುರಿನಲ್ಲಿ ಕಾಯಿ ಹಿಡಿಯುತ್ತದೆ. ಸವರಲು ಹೆದರಿ ಬಿಟ್ಟವರ ಚಪ್ಪರದಲ್ಲಿ ಎಲೆ ಮಾತ್ರ ಉಳಿದಿರುತ್ತದೆ.

ಬಸಳೆ: ಒಂದು ಗೇಣು ಉದ್ದದ ತುಂಡು ಸಾಕು. ಬಚ್ಚಲ ನೀರು ಹೋಗುವ ದಾರಿಯ ಪಕ್ಕ ನೆಟ್ಟರೆ ಬೇಸಿಗೆಯಲ್ಲೂ ನೀರಿನ ಚಿಂತೆ ಇಲ್ಲ, ಆದರೆ ಬಟ್ಟೆ ಒಗೆದ ಸೋಪಿನ ನೀರು ನೇರ ಬುಡಕ್ಕೆ ಬೇಡ. ಎಲೆಯ ಮೇಲೆ ಕೆಂಪು ಅಂಚಿನ ದುಂಡು ಚುಕ್ಕೆ ಬಂದರೆ ಆ ಎಲೆಗಳನ್ನು ಆ ದಿನವೇ ಕಿತ್ತು ದೂರ ಹಾಕಿ. ಬಳ್ಳಿಗಳು ಒಂದರ ಮೇಲೊಂದು ಹೊಸೆದುಕೊಂಡಿದ್ದರೆ ಬಿಡಿಸಿ. ಗಾಳಿ ಆಡಿದರೆ ಅರ್ಧ ರೋಗ ಹೋದ ಹಾಗೆ.

ನುಗ್ಗೆ: ನೀರು ನಿಂತರೆ ಸಾಯುವ ಗಿಡ, ಎತ್ತರದ ಮೂಲೆಗೆ ಹಾಕಿ. ಘಟ್ಟದ ಮೇಲೆ ಜಾಸ್ತಿ ಮಳೆಯ ಕಡೆ ಕಾಯಿ ಸುಮಾರು, ಸೊಪ್ಪಿಗೆ ಮೋಸವಿಲ್ಲ. ಎದೆ ಎತ್ತರಕ್ಕೆ ಕತ್ತರಿಸುತ್ತಾ ಇರಿ.

ಚಕ್ರಮುನಿ: ಬೇಲಿ ಸಾಲಿಗೆ ಇದಕ್ಕಿಂತ ಸುಲಭದ ಸೊಪ್ಪು ನಾನು ಕಂಡಿಲ್ಲ. ಕೋಲು ಚುಚ್ಚಿದರೆ ಬರುತ್ತದೆ. ಬೇಯಿಸಿಯೇ ತಿನ್ನಿ, ಅದೂ ಹಿತಮಿತವಾಗಿ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನಾ ಕುಡಿದ ಹಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದಿತ್ತು. ಪಲ್ಯಕ್ಕೆ, ತಂಬುಳಿಗೆ ಬಾಡಿಸಿ ಬಳಸುವ ನಮ್ಮ ರೂಢಿಯೇ ಸರಿ.

ಕೆಸು, ಸುವರ್ಣಗಡ್ಡೆ, ಒಂದೆಲಗ, ಸೂಜಿಮೆಣಸು, ಕರಿಬೇವು: ಇವಕ್ಕೆ ಹೆಚ್ಚು ಹೇಳುವುದೇನಿಲ್ಲ. ನೀರು ಹೆಚ್ಚಿರುವ ಕಡೆ ಕೆಸು ಮತ್ತು ಒಂದೆಲಗ, ಒಣ ಕಡೆ ಮೆಣಸು ಮತ್ತು ಕರಿಬೇವು. ಸುವರ್ಣಗಡ್ಡೆಯನ್ನು ಮಳೆಗೆ ಮುಂಚೆ ಹೂತು ಮರೆತುಬಿಡಿ, ಎಲೆ ಹಳದಿಯಾಗಿ ಬಿದ್ದ ಮೇಲೆ ಅಗೆಯಿರಿ, ಎಂಟೊಂಬತ್ತು ತಿಂಗಳು ಬೇಕು.

ಇನ್ನು ಬೇಡದ ಗಿಡಗಳು. ಹೂಕೋಸು, ಕ್ಯಾರೆಟ್, ಬೀಟ್‌ರೂಟ್ ಮಳೆಗಾಲದಲ್ಲಿ ಬೇಡ. ಟೊಮೆಟೊವನ್ನು ಜೂನ್‌ನಲ್ಲಿ ನೆಡಬೇಡಿ. ಪ್ಯಾಕೆಟ್ ಮೇಲೆ "ವರ್ಷವಿಡೀ ಬೆಳೆಯಬಹುದು" ಅಂತ ಬರೆದಿದ್ದರೂ ಅದು ನಮ್ಮ ಮಳೆಗೆ ಬರೆದದ್ದಲ್ಲ.

ಹಂತ 6: ತಿಂಗಳ ಲೆಕ್ಕ

ಮೇ ಕೊನೆ, ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಬೆಂಡೆ, ಹೀರೆ, ಮೊಗೆ (ಸಾಂಬಾರು ಸೌತೆ), ಹಾಗಲ, ಪಡವಲದ ಬೀಜ ಹಾಕಬೇಕು. ನೇರ ಮಡಿಗೆ ಹಾಕಬೇಡಿ. ತಳ ತೂತು ಮಾಡಿದ ತೆಂಗಿನ ಕರಟದಲ್ಲೋ ಅಡಿಕೆ ಹಾಳೆಯ ಕೊಟ್ಟೆಯಲ್ಲೋ ಹಾಕಿ, ಹನಿ ತಾಗದ ಹಾಗೆ ಮಾಡಿನ ಅಂಚಿಗೆ ಇಡಿ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಾಲ್ಕು ಎಲೆ ಬಂದಿರಬೇಕು, ಆಗ ಮಡಿಗೆ ಇಳಿಸಿ. ಮೃಗಶಿರಾ ಶುರುವಾಗುವುದು ಜೂನ್ 8ರ ಸುಮಾರಿಗೆ. ಹತ್ತು ದಿನ ತಡ ಮಾಡಿದವರ ಎಳೆ ಸಸಿಯನ್ನು ಮಳೆ ಹನಿಯೇ ನೆಲಕ್ಕೆ ಬಡಿದು ಹಾಕುತ್ತದೆ. ಹೊತ್ತಿಗೆ ಸರಿಯಾಗಿ ಹಾಕಿದರೆ ಚೌತಿಗೆ ಗಣಪತಿಯ ಮೇಲ್ಗಡೆ ತೂಗುಹಾಕುವ ಫಲಾವಳಿಗೆ ಕಟ್ಟಲು ಹೀರೆ, ಮೊಗೆ ಮನೆಯಲ್ಲೇ ಸಿಗುತ್ತದೆ.

ಜುಲೈ ಪೂರ್ತಿ ಯಾವ ಬೀಜವೂ ಬೇಡ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಬದನೆ, ಮೆಣಸು, ಟೊಮೆಟೊ ಸಸಿಮಡಿ ಮಾಡಿ. ಹಸ್ತ, ಚಿತ್ತ ಮಳೆ ಕಳೆದ ಮೇಲೆ, ಅಂದರೆ ಅಕ್ಟೋಬರ್ ಕೊನೆಗೆ ನೆಡಿ. ಅಲಸಂದೆ, ಹರಿವೆ, ಮೂಲಂಗಿಗೂ ಅದೇ ಒಳ್ಳೆಯ ಕಾಲ. ಹರಿವೆ ಬೀಜವನ್ನು ಮರಳಿನಲ್ಲಿ ಕಲಸಿ ಬಿತ್ತಿ, ಇರುವೆ ಸಾಲುಗಟ್ಟಿ ಹೊತ್ತೊಯ್ಯದಂತೆ ಸುತ್ತ ಬೂದಿ ಉದುರಿಸಿ.

ಹಂತ 7: ಮುಚ್ಚಿಗೆ

ಬರಿ ಮಣ್ಣು ಕಾಣಿಸಿದಷ್ಟೂ ಕಳೆ ಜಾಸ್ತಿ, ನೀರಿನ ಕೆಲಸ ಜಾಸ್ತಿ. ಅಕ್ಟೋಬರ್ ಕೊನೆಯಿಂದ ಮೇ ತನಕ ಮಡಿಯ ಮೇಲೆ ನಾಲ್ಕು ಇಂಚು ದರಕು (ಕಾಡಿನ ತರಗೆಲೆ), ಅಡಿಕೆ ಸಿಪ್ಪೆ ಅಥವಾ ಕತ್ತರಿಸಿದ ಸೋಗೆ ಹಾಸಿ. ಕಾರವಾರ ಕಡೆಯವರಿಗೆ ಗಾಳಿಮರದ ಸೂಜಿಯೆಲೆ ಸಿಗುತ್ತದೆ, ಅದೂ ಆಗುತ್ತದೆ. ಅಕೇಶಿಯಾ ಎಲೆ ಕೊಳೆಯಲು ತುಂಬ ದಿನ ಹಿಡಿಯುತ್ತದೆ, ಮುಚ್ಚಿಗೆಗೆ ಅದೇ ಒಳ್ಳೆಯದು, ಗೊಬ್ಬರ ಗುಂಡಿಗೆ ಬೇಡ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಜೂನ್ ಬಂದ ಮೇಲೆ ದಪ್ಪ ಮುಚ್ಚಿಗೆ ಬಸವನಹುಳಕ್ಕೆ ಮನೆ ಆಗುತ್ತದೆ, ಆಗ ತೆಳ್ಳಗೆ ಮಾಡಿ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ದರಕು ಗುಡಿಸಲು ನಾವು ಬೆಟ್ಟಕ್ಕೆ ಹೋಗುವ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಹೆಚ್ಚು ಕಮ್ಮಿ ಒಂದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಸಿದ್ದಾಪುರದ ಕಡೆಯೂ ಜನರನ್ನು ಕಾಡಿದೆ. ಹರಡುವುದು ಉಣುಗಿನಿಂದ (ಉಣ್ಣೆ ಹುಳು), ಉಣುಗು ಇರುವುದು ತರಗೆಲೆಯಲ್ಲಿ. ಮಂಗ ಸತ್ತ ಕಡೆಯ ದರಕು ತರಲೇಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಉದ್ದ ತೋಳಿನ ಬಟ್ಟೆ ಹಾಕಿ, ಉಣುಗು ಕಚ್ಚದಂತೆ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಆಮೇಲೆ ಕೆಲವು ದಿನಕ್ಕೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ನಾನಂತೂ ಈಗ ಮನೆಯ ಸುತ್ತಲಿನ ಸೋಗೆ, ಸಿಪ್ಪೆಯಲ್ಲೇ ಸುಧಾರಿಸುತ್ತೇನೆ.

ಹಂತ 8: ಬೇಸಿಗೆಯ ನೀರು

ಮುಚ್ಚಿಗೆ ಸರಿ ಇದ್ದರೆ ದಿನಾ ನೀರು ಬೇಕಿಲ್ಲ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ, ತಣ್ಣಗೆ ಅಂಟಿದರೆ ಇವತ್ತು ಬೇಡ. ಶಿರಸಿ ಮಣ್ಣಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಮರಳಿನಲ್ಲಿ ದಿನ ಬಿಟ್ಟು ದಿನ. ಸ್ವಲ್ಪ ಸ್ವಲ್ಪ ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ.

ನದಿ ಅಳಿವೆ, ಸಮುದ್ರದ ಹತ್ತಿರದ ಬಾವಿಗಳಲ್ಲಿ ಮಾರ್ಚ್ ನಂತರ ನೀರು ಸವಳಾಗುವುದುಂಟು. ಹಳೆ ಎಲೆಯ ಅಂಚು ಸುಟ್ಟ ಹಾಗೆ ಕಂದಾಗುವುದು, ಮಣ್ಣಿನ ಮೇಲೆ ಬಿಳಿ ಪುಡಿ ಕಾಣುವುದು ಅದರ ಗುರುತು. ಆಗ ಹೊಸದಾಗಿ ಏನೂ ನೆಡಬೇಡಿ, ಮೊದಲೇ ಇದ್ದ ಗಿಡಗಳನ್ನು ಉಳಿಸಿಕೊಂಡರೆ ಸಾಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಬಕೆಟ್‌ಗೆ ಹಿಡಿಯಿರಿ.

ಹಂತ 9: ಹುಳ, ರೋಗ, ಮಂಗ

ಬದನೆ, ಟೊಮೆಟೊ ಗಿಡ ಹಸಿರು ಎಲೆ ಇದ್ದ ಹಾಗೇ ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿಕೊಂಡು, ನಾಲ್ಕನೇ ದಿನ ಸತ್ತರೆ ಅದು ದುಂಡಾಣು ಸೊರಗು ರೋಗ ಇರಬಹುದು. ಪರೀಕ್ಷೆ ಸುಲಭ. ಬುಡದ ಹತ್ತಿರ ಕಾಂಡದ ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗು ಬಿಡಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ನಿಧಾನ ಕೆಳಗೆ ಇಳಿಯುತ್ತದೆ. ಹಾಗಾದರೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರ ಗುಂಡಿಗೆ ಹಾಕಬೇಡಿ, ಆ ಮಡಿಯಲ್ಲಿ ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಯಾವುದನ್ನೂ ನೆಡಬೇಡಿ. ಮುಂದೆ ಬೇರೆ ಮಡಿಗೆ ಹಾಕುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ ಬದನೆ, ಅರ್ಕಾ ರಕ್ಷಕ್ ಟೊಮೆಟೊ ಹುಡುಕಿ, ಈ ರೋಗ ತಡೆದುಕೊಳ್ಳಲೆಂದೇ ಮಾಡಿದ ತಳಿಗಳು.

ಹೀರೆ, ಹಾಗಲ, ಮೊಗೆಯ ಎಳೆಗಾಯಿ ಸೊಟ್ಟಗಾಗಿ, ಒಂದು ಕಡೆ ಅಂಟು ಒಸರಿ ಕೊಳೆಯುತ್ತಿದ್ದರೆ ಹಣ್ಣುನೊಣ. ಅನೇಕರು ಮಾವಿನ ಹಣ್ಣುನೊಣ ಹಿಡಿಯುವ ಬಲೆ ತಂದು ಕಟ್ಟಿ ಮೋಸ ಹೋಗುತ್ತಾರೆ. ಬಲೆಯೊಳಗೆ ನೊಣವನ್ನು ಸೆಳೆಯುವ ವಸ್ತು ಬೇರೆ ಬೇರೆ: ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್, ಸೌತೆ ಜಾತಿಯ ಗಿಡಗಳ ನೊಣಕ್ಕೆ ಕ್ಯೂ ಲ್ಯೂರ್. ಅಂಗಡಿಯಲ್ಲಿ ಕೇಳಿಯೇ ತನ್ನಿ. ಅದಕ್ಕಿಂತ ಮುಖ್ಯ ಕೆಲಸ, ಬಿದ್ದ ಕಾಯಿಯನ್ನು ದಿನಾ ಹೆಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡುವುದು. ಹಾಗೇ ಬಿಟ್ಟರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಬೆರಳು ಉದ್ದದ ಕಾಯಿಗೆ ಕಾಗದದ ಚೀಲ ಕಟ್ಟಿದರೂ ಆಗುತ್ತದೆ, ಮಳೆ ಇಲ್ಲದಾಗ.

ಬೆಂಡೆಯ ಎಲೆಯಲ್ಲಿ ನರ ಮಾತ್ರ ಹಳದಿ ಬಲೆಯ ಹಾಗೆ ಕಂಡರೆ ನಂಜು ರೋಗ, ಬಿಳಿನೊಣ ಹರಡುತ್ತದೆ. ಮೊದಲ ಗಿಡವನ್ನು ಕಂಡ ಕೂಡಲೇ ಕಿತ್ತುಬಿಡಿ, ಒಂದು ಕಾಯಿ ಬರಲಿ ಅಂತ ಕಾಯಬೇಡಿ. ಅಲಸಂದೆಯ ತುದಿಗೆ ಕಪ್ಪು ಹೇನು ಮುತ್ತಿದರೆ ಜೋರಾಗಿ ನೀರು ಹಾಯಿಸಿ, ಹೋಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ ಕಲಸಿ ಸಂಜೆ ಹೊಡೆಯಿರಿ. ಗುಲಗಂಜಿ ಹುಳು ಓಡಾಡುತ್ತಿದ್ದರೆ ಹೊಡೆಯಲೇಬೇಡಿ, ಹೇನನ್ನು ಅದೇ ತಿಂದು ಮುಗಿಸುತ್ತದೆ. ಮೊಗೆ, ಕುಂಬಳದ ಎಳೆ ಎಲೆಗೆ ತೂತು ಮಾಡುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿ ಆರುವ ಮುಂಚೆ ಬೂದಿ ಉದುರಿಸಿ.

ಬಸವನಹುಳಕ್ಕೆ ರಾತ್ರಿ ಎಂಟರ ಮೇಲೆ ಟಾರ್ಚು ಹಿಡಿದು ಹೋಗಿ. ಸಂಜೆಯೇ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಎಲ್ಲ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಹಿಡಿಯಬೇಡಿ, ಅವುಗಳಿಂದ ಮನುಷ್ಯರಿಗೆ ತಗಲುವ ಪರೋಪಜೀವಿ ಇದೆ. ಉಪ್ಪು ನೀರಿನ ಬಕೆಟ್‌ಗೆ ಹಾಕಿ, ಉಪ್ಪನ್ನು ಮಾತ್ರ ಮಡಿಯ ಮೇಲೆ ಎರಚಬೇಡಿ.

ಮಂಗನ ವಿಷಯದಲ್ಲಿ ನನ್ನ ಹತ್ತಿರ ಪೂರ್ತಿ ಪರಿಹಾರ ಇಲ್ಲ. ವರ್ಷವಿಡೀ ಬೆಳೆಸಿದ್ದನ್ನು ಅರ್ಧ ತಾಸಿನಲ್ಲಿ ಹರಿದು ಹಾಕಿದಾಗ ಹೊಟ್ಟೆ ಉರಿಯುತ್ತದೆ. ನಮ್ಮ ಹಿತ್ತಲಿನಲ್ಲಿ ಅವು ಕೆಸು, ಸುವರ್ಣಗಡ್ಡೆ, ಹಾಗಲ, ಸೂಜಿಮೆಣಸಿಗೆ ಕೈ ಹಾಕಿದ್ದು ಬಹಳ ಕಮ್ಮಿ. ಹಾಗಾಗಿ ಕಾಡಿನ ಕಡೆಯ ಅಂಚಿಗೆ ಇವನ್ನು ಹಾಕಿ, ಬೆಂಡೆ, ಅಲಸಂದೆ, ಮೊಗೆಯನ್ನು ಮನೆಯ ಗೋಡೆಗೆ ಒತ್ತಿಕೊಂಡೇ ಬೆಳೆಸುತ್ತೇನೆ.

ಹಂತ 10: ವಾರದ ಎರಡು ತಾಸು

ಭಾನುವಾರ ಬೆಳಿಗ್ಗೆ ಮೊದಲು ಕಾಲುವೆ ನೋಡಿ, ಕಟ್ಟಿದ್ದರೆ ಬಿಡಿಸಿ. ಆಮೇಲೆ ಕೊಯ್ಲು. ಬೆಂಡೆ, ಅಲಸಂದೆ, ತೊಂಡೆಯನ್ನು ಬೇಡವಾದರೂ ಕೊಯ್ಯಿರಿ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂ ನಿಲ್ಲುತ್ತದೆ. ಆಮೇಲೆ ಎಲೆ ಮಗುಚಿ ಹುಳು ನೋಡುವುದು. ಕಳೆ ಕೊನೆಗೆ, ಬೆರಳುದ್ದ ಇರುವಾಗಲೇ ಕಿತ್ತು ಅಲ್ಲೇ ಮಡಿಯ ಮೇಲೆ ಹಾಕಿ. ತಿಂಗಳಿಗೊಮ್ಮೆ ಜೀವಾಮೃತ ಸಾಕು: 20 ಲೀಟರ್ ನೀರಿಗೆ 1 ಕೆಜಿ ಹಸುವಿನ ಸಗಣಿ, 1 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 200 ಗ್ರಾಂ, ಒಂದು ಹಿಡಿ ತೋಟದ ಮಣ್ಣು. ಎರಡು ಮೂರು ದಿನ ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ತಿರುವಿ, ತೇವ ಇರುವ ಮಣ್ಣಿಗೆ ಹಾಕಿ.

ಬೀಜಕ್ಕೆ ಪ್ರತಿ ಜಾತಿಯ ಒಂದು ಗಿಡ, ಮೊದಲ ಒಳ್ಳೆಯ ಕಾಯಿ ಬಿಟ್ಟ ಗಿಡವನ್ನೇ ಆರಿಸಿ ದಾರ ಕಟ್ಟಿ. ಆ ಕಾಯಿಯನ್ನು ಯಾರೂ ಕೊಯ್ಯಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ. ಬೀಜ ನೆರಳಲ್ಲಿ ಒಣಗಿಸಿ ಬೂದಿ ಹಚ್ಚಿ, ಗಾಳಿಯಾಡದ ಬಾಟಲಿಗೆ ಹಾಕಿ, ಮೇಲೆ ತಿಂಗಳು ಮತ್ತು ವರ್ಷ ಬರೆದಿಡಿ. ಬಲಿತ ಮೊಗೆಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಒಂದಕ್ಕೊಂದು ತಾಗಬಾರದು ಅಷ್ಟೇ.

ಬೇಸಿಗೆಯಲ್ಲಿ ನಾಲ್ಕೈದು ದಿನ ಊರು ಬಿಡುವುದಿದ್ದರೆ ಹಿಂದಿನ ದಿನ ಸಂಜೆ ಮಣ್ಣು ಪೂರ್ತಿ ನೆನೆಯುವಂತೆ ನೀರು ಕೊಡಿ, ಮುಚ್ಚಿಗೆ ಇನ್ನೆರಡು ಇಂಚು ಏರಿಸಿ, ಕೊಯ್ಯುವ ಕಾಯಿ ಒಂದೂ ಬಿಡದೆ ಕೊಯ್ದು ಪಕ್ಕದ ಮನೆಗೆ ಕೊಡಿ. ಕೊಡುವಾಗಲೇ ಮಂಗ ಬಂದರೆ ಒಂದು ಕೂಗು ಹಾಕಿ ಅಂತ ಹೇಳಿಬನ್ನಿ.